ಅಜ್ಜಿಯ ಅಕ್ಷರವಿರುವ ಕನ್ನಡಿ: ಮನೆಯವರಿಗಾಗಿ ಎಚಿಂಗ್ ಕನ್ನಡಿ ಮಾಡುವ ಸಮಗ್ರ ಮಾರ್ಗದರ್ಶಿ

ನಾನು ಮಾಡಿದ ಮೊದಲ ಎಚಿಂಗ್ ಕನ್ನಡಿಯಲ್ಲಿ ಅಕ್ಕನ ಹೆಸರಿನ ‘ದ’ ಅಕ್ಷರ ‘ಧ’ ಆಗಿಬಿಟ್ಟಿತು. ಸ್ಟಿಕರ್ ಹಾಳೆಯನ್ನು ಕತ್ತರಿಸುವಾಗ ಬ್ಲೇಡು ತುಸು ಜಾರಿ ಅಕ್ಷರದ ಕೆಳಗೆ ಒಂದು ಗೀರು ಬಿದ್ದಿತ್ತು. ಗಾಜನ್ನು ತಿನ್ನುವ ಎಚಿಂಗ್ ಕ್ರೀಮ್ ಆ ಗೀರಿನೊಳಗೂ ಇಳಿದು ತನ್ನ ಕೆಲಸ ಮುಗಿಸಿತ್ತು. ತೊಳೆದು ಒರೆಸಿದ ಮೇಲೆಯೇ ನನಗದು ಕಂಡದ್ದು. ಬಣ್ಣವಾಗಿದ್ದರೆ ಉಜ್ಜಿ ತೆಗೆಯಬಹುದಿತ್ತು. ಎಚಿಂಗ್ ಎಂದರೆ ಗಾಜಿಗೆ ಏನನ್ನೋ ಬಳಿಯುವುದಲ್ಲ, ಗಾಜಿನ ಮೇಲ್ಮೈಯನ್ನೇ ತುಸು ಕರಗಿಸಿ ಒರಟಾಗಿಸುವುದು. ಹೋದ ಗಾಜು ಮರಳಿ ಬರುವುದಿಲ್ಲ. ಆ ಕನ್ನಡಿ ಈಗಲೂ ನನ್ನ ಕೆಲಸದ ಮೇಜಿನ ಮೇಲಿದೆ. ಅಕ್ಕನಿಗೆ ಹೋದದ್ದು ಎರಡನೆಯದು.

ಒಂದು ಕನ್ನಡಿಗೆ ನನಗೆ ಒಟ್ಟು ಐದಾರು ಗಂಟೆ ಹಿಡಿಯುತ್ತದೆ. ಅದರಲ್ಲಿ ಕ್ರೀಮ್ ಗಾಜಿನ ಮೇಲಿರುವುದು ಹೆಚ್ಚೆಂದರೆ ಕಾಲು ಗಂಟೆ. ಉಳಿದ ಹೊತ್ತೆಲ್ಲ ಅಳೆಯುವುದು, ಮುಚ್ಚುವುದು, ಕತ್ತರಿಸುವುದು, ಒತ್ತುವುದು, ಮತ್ತೆ ಒತ್ತುವುದು. ಕನ್ನಡಿ ಕೆಟ್ಟರೆ ಕ್ರೀಮನ್ನು ಬಯ್ಯುವವರೇ ಹೆಚ್ಚು. ನಾನು ಕಂಡಂತೆ ತಪ್ಪು ಹೆಚ್ಚಾಗಿ ಅದಕ್ಕೂ ಮೊದಲಿನ ಗಂಟೆಗಳಲ್ಲೇ ನಡೆದಿರುತ್ತದೆ. ಆದ್ದರಿಂದ ಈ ಬರಹವೂ ಅಲ್ಲಿಯೇ ಹೆಚ್ಚು ಹೊತ್ತು ನಿಲ್ಲುತ್ತದೆ.

ಕನ್ನಡಿಯ ಆಯ್ಕೆ

ಮೊದಲು, ನಿಮ್ಮ ಕೈಯಲ್ಲಿರುವುದು ಗಾಜಿನ ಕನ್ನಡಿಯೇ ಎಂದು ಖಚಿತಪಡಿಸಿಕೊಳ್ಳಿ. ಅಕ್ರಿಲಿಕ್ ಕನ್ನಡಿಗಳು ನೋಡಲು ಥೇಟ್ ಗಾಜಿನಂತೆಯೇ ಇರುತ್ತವೆ. ಎಚಿಂಗ್ ಕ್ರೀಮ್ ಪ್ಲಾಸ್ಟಿಕ್ಕಿನ ಮೇಲೆ ಏನನ್ನೂ ಮಾಡುವುದಿಲ್ಲ. ಉಗುರಿನಿಂದ ತಟ್ಟಿದರೆ ಗಾಜು ಟಣ್ ಎನ್ನುತ್ತದೆ, ಅಕ್ರಿಲಿಕ್ ದಬ್ ಎನ್ನುತ್ತದೆ. ಗಾಜನ್ನು ಮುಟ್ಟಿದರೆ ತಣ್ಣಗಿರುತ್ತದೆ, ಎತ್ತಿದರೆ ಕೈಗೆ ಭಾರ ಗೊತ್ತಾಗುತ್ತದೆ.

ದಪ್ಪ ತಿಳಿಯಲು ಒಂದು ಸುಲಭ ಉಪಾಯವಿದೆ. ಪೆನ್ನಿನ ತುದಿಯನ್ನು ಕನ್ನಡಿಗೆ ತಾಗಿಸಿ, ಓರೆಯಾಗಿ ನೋಡಿ. ತುದಿಗೂ ಅದರ ಪ್ರತಿಬಿಂಬಕ್ಕೂ ನಡುವೆ ಕಾಣುವ ಅಂತರ ಹೆಚ್ಚಿದಷ್ಟೂ ಗಾಜು ದಪ್ಪ. ಉಡುಗೊರೆಯ ಕನ್ನಡಿಗೆ 4 ಮಿ.ಮೀ. ದಪ್ಪ ನನಗೆ ಹಿಡಿಸಿದ ಅಳತೆ. 2 ಮಿ.ಮೀ. ಕನ್ನಡಿ ಒತ್ತುವಾಗಲೇ ಬಾಗಿ ಭಯ ಹುಟ್ಟಿಸುತ್ತದೆ. 6 ಮಿ.ಮೀ. ಕನ್ನಡಿ ಗೋಡೆಗೆ ಭಾರ. ತೂಕದ ಲೆಕ್ಕ ಸುಲಭ: ಒಂದು ಚದರ ಮೀಟರ್ ಗಾಜು ಪ್ರತಿ ಮಿ.ಮೀ. ದಪ್ಪಕ್ಕೆ ಸುಮಾರು 2.5 ಕಿಲೋ ತೂಗುತ್ತದೆ. 30×40 ಸೆಂ.ಮೀ. ಅಳತೆಯ, 4 ಮಿ.ಮೀ. ದಪ್ಪದ ಕನ್ನಡಿ 1.2 ಕಿಲೋ ಆಯಿತು. ಅದನ್ನೇ 60×90ಕ್ಕೆ ಏರಿಸಿದರೆ 5.4 ಕಿಲೋ. ಮೊದಲ ಪ್ರಯತ್ನಕ್ಕೆ ಚಿಕ್ಕದೇ ಸಾಕು.

ಅಂಚುಗಳನ್ನು ಅಂಗಡಿಯಲ್ಲಿಯೇ ಪಾಲಿಶ್ ಮಾಡಿಸಿಕೊಳ್ಳಿ. ಹರಿತವಾದ ಅಂಚಿನ ಗಾಜನ್ನು ಸ್ಟಿಕರ್ ಹಾಳೆಯ ಜೊತೆ ಹತ್ತಾರು ಸಲ ಹಿಡಿದು ತಿರುಗಿಸಬೇಕಾಗುತ್ತದೆ, ಬೆರಳು ಉಳಿಯಬೇಕಲ್ಲ. ಕತ್ತರಿಸಿ ಉಳಿದ ಅದೇ ದಪ್ಪದ ಕನ್ನಡಿ ಚೂರು ಒಂದೆರಡನ್ನು ಕೇಳಿ ತನ್ನಿ. ಪರೀಕ್ಷೆಗೆ ಅವು ಬೇಕೇ ಬೇಕು. ಅಂಚಿನಲ್ಲಿ ಕಪ್ಪು ಕಲೆ ಹರಡಿರುವ ಹಳೆಯ ಕನ್ನಡಿ ಎಷ್ಟೇ ಅಂದವಾಗಿದ್ದರೂ ಬೇಡ. ಅಲ್ಲಿ ತೇವ ಆಗಲೇ ಹಿಂಬದಿಯ ಬೆಳ್ಳಿಯನ್ನು ತಿನ್ನುತ್ತಿದೆ, ನೀವು ತೊಳೆಯುವ ನೀರು ಅದಕ್ಕೆ ಇನ್ನಷ್ಟು ದಾರಿ ಮಾಡಿಕೊಡುತ್ತದೆ.

ಬೆಳ್ಳಿ ಎಂದೆ. 1835ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟುಸ್ ಲೀಬಿಗ್ ಗಾಜಿನ ಮೇಲೆ ಬೆಳ್ಳಿಯ ತೆಳು ಪದರ ಕೂರಿಸುವ ರಾಸಾಯನಿಕ ವಿಧಾನವನ್ನು ತೋರಿಸಿಕೊಟ್ಟ. ಅದಕ್ಕೆ ಮೊದಲು ತವರ ಮತ್ತು ಪಾದರಸದ ಮಿಶ್ರಣದಿಂದ ಕನ್ನಡಿ ಮಾಡುತ್ತಿದ್ದರು. ಇಂದಿನ ಕನ್ನಡಿಯಲ್ಲಿ ಬೆಳ್ಳಿಯ ಪದರ ಒಂದು ಮೈಕ್ರಾನಿನ (ಮಿ.ಮೀ.ನ ಸಾವಿರದಲ್ಲಿ ಒಂದು ಪಾಲು) ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ, ಅದರ ಬೆನ್ನಿಗೆ ರಕ್ಷಣೆಯ ಬಣ್ಣ. ನಿಮ್ಮ ಮುಖವನ್ನು ತೋರಿಸುವುದು ಈ ಬಡಪಾಯಿ ಪದರವೇ. ಅದು ಬಯಲಾಗಿರುವುದು ಅಂಚಿನಲ್ಲಿ ಮಾತ್ರ, ಕೆಡುವುದೂ ಅಲ್ಲಿಂದಲೇ.

ಕ್ರೀಮಿನೊಳಗೆ ಏನಿದೆ

1771ರಲ್ಲಿ ಸ್ವೀಡನ್ನಿನಲ್ಲಿ ಕಾರ್ಲ್ ವಿಲ್ಹೆಲ್ಮ್ ಶೀಲೆ ಎಂಬ ಔಷಧ ತಯಾರಕ ಫ್ಲೋರ್‌ಸ್ಪಾರ್ ಎಂಬ ಖನಿಜವನ್ನು ಗಂಧಕಾಮ್ಲದ ಜೊತೆ ಕಾಯಿಸಿದಾಗ ಅವನ ಗಾಜಿನ ಪಾತ್ರೆಯೇ ಸವೆದುಹೋಯಿತು. ಹುಟ್ಟಿದ್ದು ಹೈಡ್ರೋಫ್ಲೋರಿಕ್ ಆಮ್ಲ. ಬೇರೆ ಆಮ್ಲಗಳನ್ನು ಗಾಜಿನ ಸೀಸೆಯಲ್ಲಿ ನಿಶ್ಚಿಂತೆಯಿಂದ ಇಡುತ್ತೇವೆ, ಇದೊಂದನ್ನು ಇಡುವಂತಿಲ್ಲ. ಗಾಜಿನ ಮುಖ್ಯ ಘಟಕವಾದ ಸಿಲಿಕಾವನ್ನೇ ಇದು ಒಡೆಯುತ್ತದೆ.

ಮನೆಬಳಕೆಗೆ ಸಿಗುವ ಎಚಿಂಗ್ ಕ್ರೀಮ್‌ನಲ್ಲಿ ಆ ಆಮ್ಲ ನೇರವಾಗಿ ಇರುವುದಿಲ್ಲ. ಅಮೋನಿಯಂ ಬೈಫ್ಲೋರೈಡ್‌ನಂತಹ ಲವಣಗಳು ಇರುತ್ತವೆ, ತೇವದಲ್ಲಿ ಅವು ಅದೇ ಆಮ್ಲವನ್ನು ಸ್ವಲ್ಪ ಸ್ವಲ್ಪವಾಗಿ ಒದಗಿಸುತ್ತವೆ. ಜೊತೆಗೆ ಒಂದು ಅನುಕೂಲವೂ ಇದೆ. ಶುದ್ಧ ಆಮ್ಲ ಗಾಜನ್ನು ನುಣ್ಣಗೆ ಕರಗಿಸಿಬಿಡುತ್ತದೆ. ಈ ಲವಣಗಳು ಮಾತ್ರ ಗಾಜಿನ ಮೇಲೆ ಸೂಕ್ಷ್ಮ ಹರಳುಗಳನ್ನು ಕೂರಿಸುತ್ತವೆ, ಹರಳಿನ ಕೆಳಗೆ ಕಡಿಮೆ, ನಡುವೆ ಹೆಚ್ಚು ಎಂಬಂತೆ ಗಾಜು ತಿನ್ನಲ್ಪಟ್ಟು ಮೇಲ್ಮೈ ತರಿತರಿಯಾಗುತ್ತದೆ. ಬೆಳಕು ಅಲ್ಲಿ ನೇರವಾಗಿ ಮರಳದೆ ಚದುರುತ್ತದೆ. ಮಂಜು ಮುಸುಕಿದಂತಹ ಆ ಬಿಳುಪು ಬರುವುದು ಹೀಗೆ.

ಇನ್ನು ಎಚ್ಚರಿಕೆಯ ಮಾತು. ಇದನ್ನು ಓದದೆ ಮುಂದೆ ಹೋಗಬೇಡಿ. ಈ ಕ್ರೀಮಿನಲ್ಲಿರುವ ಫ್ಲೋರೈಡ್ ಚರ್ಮದ ಮೂಲಕ ಒಳಗೆ ಇಳಿದು ದೇಹದ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಬೇರೆ ಆಮ್ಲ ತಾಗಿದ ಕೂಡಲೇ ಉರಿಯುತ್ತದೆ. ಇದು ಹಲವು ಬಾರಿ ಗಂಟೆಗಳ ನಂತರ ನೋವು ಕೊಡಲು ಶುರುಮಾಡುತ್ತದೆ, ಅಷ್ಟರಲ್ಲಿ ಆಳಕ್ಕೆ ಹೋಗಿರುತ್ತದೆ. ‘ನನಗೇನೂ ಆಗಲಿಲ್ಲ’ ಎಂದು ಬರಿಗೈಯಲ್ಲಿ ಹಚ್ಚಿ ತೋರಿಸುವ ವಿಡಿಯೋಗಳನ್ನು ನಂಬಬೇಡಿ. ರಂಧ್ರವಿಲ್ಲದ ನೈಟ್ರೈಲ್ ಕೈಗವಸು ಒಂದರ ಮೇಲೊಂದು ಎರಡು ಜೊತೆ, ಬದಿಗಳೂ ಮುಚ್ಚುವ ಸುರಕ್ಷತಾ ಕನ್ನಡಕ, ಉದ್ದ ತೋಳಿನ ಹಳೆಯ ಅಂಗಿ, ಮುಚ್ಚಿದ ಪಾದರಕ್ಷೆ ಕಡ್ಡಾಯ. ಕಿಟಕಿ ತೆರೆದಿರಲಿ. ಮಕ್ಕಳು ಮತ್ತು ಸಾಕುಪ್ರಾಣಿಗಳು ಆ ಕೋಣೆಯಲ್ಲಿ ಇರಬಾರದು, ಅಲ್ಲಿ ಊಟ ತಿಂಡಿಯೂ ಬೇಡ. ಕ್ಯಾಲ್ಸಿಯಂ ಗ್ಲುಕೊನೇಟ್ 2.5% ಜೆಲ್ ಸಿಗುವುದಾದರೆ ಮೊದಲೇ ತಂದಿಡಿ. ಕ್ರೀಮ್ ಚರ್ಮಕ್ಕೆ ತಾಗಿದರೆ ತಕ್ಷಣ ಹರಿಯುವ ನೀರಿನಲ್ಲಿ ಬಿಡದೆ ತೊಳೆದು, ಜೆಲ್ ಹಚ್ಚಿ, ನೋವಿಲ್ಲದಿದ್ದರೂ ಡಬ್ಬಿಯ ಜೊತೆಗೇ ವೈದ್ಯರ ಬಳಿ ಹೋಗಿ. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ತುರ್ತು ಚಿಕಿತ್ಸೆಗೆ ಹೊರಡಬೇಕು.

ಡಬ್ಬಿಯಲ್ಲಿ ಬರುವ ಕ್ರೀಮನ್ನಷ್ಟೇ ಬಳಸಿ. ಕೈಗಾರಿಕೆಗಳಿಗೆ ಮಾರುವ ದ್ರವರೂಪದ ಹೈಡ್ರೋಫ್ಲೋರಿಕ್ ಆಮ್ಲ ‘ಬೇಗ ಆಗುತ್ತದೆ’ ಎಂದು ಯಾರು ಹೇಳಿದರೂ ಅದನ್ನು ಮನೆಯೊಳಗೆ ತರಬಾರದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕ್ರೀಮ್ ಕೂಡ ಬೇಡವೆನಿಸಿದರೆ, ಕೆಳಗೆ ಹೇಳಿರುವ ವಿನ್ಯಾಸದ ಕೆಲಸವನ್ನೇ ಮಂಜುಗಾಜಿನಂತೆ ಕಾಣುವ ಸ್ಟಿಕರ್ ಹಾಳೆಯಲ್ಲಿ ಕತ್ತರಿಸಿ ಅಂಟಿಸಬಹುದು. ದೂರದಿಂದ ವ್ಯತ್ಯಾಸ ತಿಳಿಯುವವರು ಕಡಿಮೆ.

ವಿನ್ಯಾಸ: ಮುಖಕ್ಕೆ ಜಾಗ ಬಿಡಿ

ಉಡುಗೊರೆಯ ಕನ್ನಡಿಗಳಲ್ಲಿ ನಾನು ಕಾಣುವ ದೊಡ್ಡ ದೋಷ ಒಂದೇ. ನಡುಮಧ್ಯೆ ದೊಡ್ಡದಾಗಿ ಹೆಸರು, ಸುತ್ತ ಬಳ್ಳಿ. ಪಡೆದವರು ತಲೆ ಬಾಚಿಕೊಳ್ಳುವುದು ಎಲ್ಲಿ? ಮೂಗಿನ ಮೇಲೆ ಅಕ್ಷರ ಬಿದ್ದ ಮುಖವನ್ನು ದಿನವೂ ನೋಡಬೇಕಾದವರು ಎರಡು ವಾರದಲ್ಲಿ ಅದನ್ನು ಅಲಮಾರಿಯ ಹಿಂದೆ ಸರಿಸುತ್ತಾರೆ. ಕನ್ನಡಿ ಮೊದಲು ಕನ್ನಡಿಯಾಗಿರಲಿ. ಕೆಳಗಿನ ಐದನೇ ಒಂದು ಭಾಗ, ಒಂದು ಮೂಲೆ, ಇಲ್ಲವೇ ಒಂದು ಬದಿಯ ಪಟ್ಟಿ ನಿಮ್ಮದು. ಉಳಿದದ್ದು ನೋಡುವವರದು.

ಏನು ಬರೆಯಬೇಕು ಎಂಬುದಕ್ಕೆ ನನ್ನ ಉತ್ತರ ಬಹಳ ಸಲ ಕೈಬರಹ. ಅಂತರ್ಜಾಲದಲ್ಲಿ ಸಿಗುವ ಹೂವು ಚಿಟ್ಟೆಗಳು ಎಲ್ಲರ ಮನೆಗೂ ಸಲ್ಲುತ್ತವೆ, ಅಜ್ಜಿಯ ಹಳೆಯ ಪತ್ರದ ‘ಇಂತಿ ಆಶೀರ್ವಾದಗಳು’ ಎಂಬ ಸಾಲು ಒಂದೇ ಮನೆಗೆ ಸಲ್ಲುತ್ತದೆ. ಅಪ್ಪನ ಸಹಿ, ಈಗ ದೊಡ್ಡವನಾಗಿರುವ ತಮ್ಮ ಮೂರನೇ ವಯಸ್ಸಿನಲ್ಲಿ ಗೀಚಿದ ಮನೆ ಮತ್ತು ಸೂರ್ಯ, ತಾಯಿಯ ಲೆಕ್ಕದ ಪುಸ್ತಕದ ಒಂದು ಪುಟದ ಮೂಲೆ. ಇವುಗಳ ಮುಂದೆ ನುಣುಪಾದ ಚಿತ್ರಗಳು ಸಪ್ಪೆ. ಮೂಲವನ್ನು 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕೆ) ಸ್ಕ್ಯಾನ್ ಮಾಡಿ, ಎರಡು ಮೂರು ಪಟ್ಟು ಹಿಗ್ಗಿಸಿ ಮುದ್ರಿಸಿಕೊಳ್ಳಿ. ಕೈಬರಹದ ಗೆರೆ ಹಿಗ್ಗಿಸಿದರೂ ತೆಳುವೇ. ಪೆನ್ನಿನಿಂದ ಎರಡೂ ಬದಿಗೆ ತುಸು ದಪ್ಪ ಮಾಡಿ ಕನಿಷ್ಠ 2 ಮಿ.ಮೀ. ಅಗಲಕ್ಕೆ ತನ್ನಿ. ಅದಕ್ಕಿಂತ ಸಣ್ಣ ಗೆರೆಯನ್ನು ಕೈಯಿಂದ ಕತ್ತರಿಸುವುದು ಕಷ್ಟ. ದಪ್ಪ ಮಾಡುವಾಗ ಬರೆದವರ ನಡುಕ, ಅಕ್ಷರದ ವಾಲು, ಪೂರ್ತಿ ಸುತ್ತದ ಸೊನ್ನೆ ಹಾಗೇ ಉಳಿಯಲಿ. ತಿದ್ದಿ ಚೆಂದ ಮಾಡಿದಿರೋ, ಅದು ನಿಮ್ಮ ಅಕ್ಷರವಾಗುತ್ತದೆ.

ಕನ್ನಡ ಅಕ್ಷರಗಳಿಗೆ ಒಂದು ವಿಶೇಷ ಕಾಳಜಿ ಬೇಕು. ನಮ್ಮದು ದುಂಡು ಲಿಪಿ, ಮುಚ್ಚಿದ ಸುತ್ತುಗಳು ಬಹಳ. ‘ರ’ದ ಒಳಗಿನ ಜಾಗ, ಅನುಸ್ವಾರದ ಸೊನ್ನೆಯ ನಡು, ಇವೆಲ್ಲ ಸುತ್ತಲಿನ ಹಾಳೆಯಿಂದ ಬೇರೆಯಾಗಿ ನಿಲ್ಲುವ ದ್ವೀಪಗಳು. ಮತ್ತೆ ಮತ್ತೆ ಬಳಸುವ ಪ್ಲಾಸ್ಟಿಕ್ ಸ್ಟೆನ್ಸಿಲ್‌ನಲ್ಲಿ ಈ ದ್ವೀಪಗಳನ್ನು ಹಿಡಿದಿಡಲು ಸೇತುವೆ ಬಿಡಬೇಕಾಗುತ್ತದೆ, ಅಕ್ಷರ ತುಂಡುತುಂಡಾಗಿ ಕಾಣುತ್ತದೆ. ಅಂಟುವ ಹಾಳೆಯನ್ನು ಗಾಜಿನ ಮೇಲೆಯೇ ಕತ್ತರಿಸಿದರೆ ಈ ತೊಂದರೆ ಇಲ್ಲ, ದ್ವೀಪ ಅಲ್ಲೇ ಅಂಟಿಕೊಂಡಿರುತ್ತದೆ. ಆದರೆ ದ್ವೀಪ ಒಂದು ಉದುರಿದರೂ ‘ಠ’ದ ಒಳಗಿನ ಚುಕ್ಕೆಗೂ ಬಯಲಿಗೂ ವ್ಯತ್ಯಾಸ ಉಳಿಯುವುದಿಲ್ಲ. ಮಹಾಪ್ರಾಣದ ಸೀಳು, ಒತ್ತು, ದೀರ್ಘ ಇವನ್ನು ಮುದ್ರಿಸಿದ ಹಾಳೆಯ ಮೇಲೆ ಒಂದೊಂದಾಗಿ ಬೆರಳಿಟ್ಟು ಓದಿ. ಇನ್ನೊಬ್ಬರಿಂದಲೂ ಓದಿಸಿ. ಅಕ್ಕನ ಹೆಸರಿನಲ್ಲಿ ಎಡವಿದವನ ಮಾತಿದು.

ಮುಂಬದಿಯೋ ಹಿಂಬದಿಯೋ

ಮುಂಬದಿಯ ಗಾಜನ್ನು ಎಚಿಂಗ್ ಮಾಡುವುದೇ ಸುಲಭ, ಇಲ್ಲಿ ವಿವರಿಸುತ್ತಿರುವುದೂ ಅದನ್ನೇ. ಇದರಲ್ಲಿ ಒಂದು ಚಮತ್ಕಾರ ತಾನಾಗಿ ಒದಗುತ್ತದೆ. ಎಚಿಂಗ್ ಆದ ಅಕ್ಷರ ಗಾಜಿನ ಮುಂದಿನ ಮೈಯಲ್ಲಿರುತ್ತದೆ, ಬೆಳ್ಳಿ ಹಿಂದಿನ ಮೈಯಲ್ಲಿ. ಹಾಗಾಗಿ ಅಕ್ಷರದ ಬೆನ್ನು ಬೆಳ್ಳಿಯಲ್ಲಿ ಪ್ರತಿಬಿಂಬಿಸಿ ತುಸು ಓರೆಯಿಂದ ನೋಡಿದವರಿಗೆ ನೆರಳಿನಂತೆ ಕಾಣುತ್ತದೆ. ದಪ್ಪ ಅಕ್ಷರಕ್ಕೆ ಇದು ಆಳ ಕೊಡುತ್ತದೆ. ಸಣ್ಣ, ಒತ್ತೊತ್ತಾದ ಅಕ್ಷರಕ್ಕೆ ಇದೇ ಶತ್ರು, ಎರಡೆರಡು ಸಾಲು ಒಂದರ ಮೇಲೊಂದು ಬಿದ್ದು ಓದಲಾಗುವುದಿಲ್ಲ. ಅಕ್ಷರಗಳ ನಡುವಿನ ಅಂತರ ಗಾಜಿನ ದಪ್ಪಕ್ಕಿಂತ ಹೆಚ್ಚಿರಲಿ ಎಂಬುದು ನಾನು ಅನುಸರಿಸುವ ಅಳತೆ.

ಹಿಂಬದಿಯ ವಿಧಾನದಲ್ಲಿ ರಕ್ಷಣೆಯ ಬಣ್ಣ ಮತ್ತು ಬೆಳ್ಳಿಯನ್ನು ವಿನ್ಯಾಸದ ಆಕಾರಕ್ಕೆ ಕೆರೆದು ತೆಗೆಯುತ್ತಾರೆ. ಅಲ್ಲಿ ಗಾಜು ಪಾರದರ್ಶಕವಾಗುತ್ತದೆ, ಹಿಂದಿನಿಂದ ದೀಪ ಇಟ್ಟರೆ ಅಕ್ಷರ ಬೆಳಗುತ್ತದೆ. ವಿನ್ಯಾಸವನ್ನು ಎಡಬಲ ತಿರುಗಿಸಿ ಬಿಡಿಸಬೇಕು. ಕೆರೆದ ಅಂಚಿನಲ್ಲಿ ಬೆಳ್ಳಿ ಬಯಲಾಗುವುದರಿಂದ ಪಾರದರ್ಶಕ ವಾರ್ನಿಷ್ ಹಚ್ಚಿ ಮುಚ್ಚಬೇಕು. ಬಣ್ಣ ತೆಗೆಯುವ ದ್ರಾವಣ ಸ್ಟಿಕರ್ ಹಾಳೆಯನ್ನೂ ಸಡಿಲಗೊಳಿಸುವುದರಿಂದ ಗೆರೆಯ ಅಂಚು ನೇರವಾಗಿ ಬರುವುದು ಕಷ್ಟ. ಒಂದು ಸಲ ಮಾಡಿದೆ, ಮತ್ತೆ ಮಾಡಲಿಲ್ಲ.

ಸ್ವಚ್ಛಗೊಳಿಸಿ ಮುಚ್ಚುವುದು

ಬೆರಳಿನ ಜಿಡ್ಡಿನ ಒಂದು ಗುರುತು ಕೂಡ ಕ್ರೀಮಿಗೆ ತಡೆ. ಗಾಜನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ನೂಲು ಬಿಡದ ಬಟ್ಟೆಯಿಂದ ಒಣಗಿಸಿ. ದ್ರವವನ್ನು ಬಟ್ಟೆಗೆ ಹಾಕಿ, ಕನ್ನಡಿಗೆ ಸಿಂಪಡಿಸಬೇಡಿ. ಸಿಂಪಡಿಸಿದ್ದು ಇಳಿದು ಕೆಳ ಅಂಚಿನಲ್ಲಿ ನಿಂತು ಹಿಂದಕ್ಕೆ ಸೇರುತ್ತದೆ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಅಂಚಿಗೆ ಇನ್ನೂ ಕೆಟ್ಟದ್ದು. ಇಲ್ಲಿಂದ ಮುಂದೆ ಗಾಜನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ.

ಮುಚ್ಚಲು ವಿನೈಲ್ ಸ್ಟಿಕರ್ ಹಾಳೆ ಒಳ್ಳೆಯದು, ಪುಸ್ತಕಕ್ಕೆ ಹಾಕುವ ಅಂಟು ಪ್ಲಾಸ್ಟಿಕ್ ಹಾಳೆಯೂ ನಡೆಯುತ್ತದೆ. ಕಾಗದದ ಮಾಸ್ಕಿಂಗ್ ಟೇಪ್ ನೀರು ಹೀರುವುದರಿಂದ ವಿನ್ಯಾಸದ ಪಕ್ಕದಲ್ಲಿ ಬೇಡ. ಹಾಳೆಯನ್ನು ಕನ್ನಡಿಗಿಂತ ಎರಡು ಮೂರು ಸೆಂ.ಮೀ. ದೊಡ್ಡದಾಗಿ ಕತ್ತರಿಸಿ, ಹಿಂಬದಿಯ ಕಾಗದವನ್ನು ಒಂದು ತುದಿಯಿಂದ ಐದು ಸೆಂ.ಮೀ.ನಷ್ಟೇ ಬಿಡಿಸಿ ಅಂಟಿಸಿ. ನಂತರ ಒಂದು ಕೈಯಲ್ಲಿ ಕಾಗದ ಎಳೆಯುತ್ತಾ, ಇನ್ನೊಂದು ಕೈಯಲ್ಲಿ ಬಟ್ಟೆ ಸುತ್ತಿದ ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಗಾಳಿಯನ್ನು ಹೊರತಳ್ಳುತ್ತಾ ಸಾಗಿ. ಪೂರ್ತಿ ಬಿಡಿಸಿ ಒಮ್ಮೆಲೇ ಕವಿಸಿದರೆ ಗುಳ್ಳೆಗಳ ಜಾತ್ರೆ. ಗುಳ್ಳೆ ಉಳಿದರೆ ಅಂಚಿಗೆ ತಳ್ಳಿ. ಸೂಜಿ ಚುಚ್ಚಿದರೆ ಆ ತೂತೂ ಕ್ರೀಮಿಗೆ ಬಾಗಿಲೇ, ಚುಚ್ಚಲೇಬೇಕಾಗಿ ಬಂದರೆ ಅದರ ಮೇಲೊಂದು ಟೇಪಿನ ಚೂರು ಹಾಕಿ. ದೊಡ್ಡ ಹಾಳೆಯ ಹೊರಬದಿಯನ್ನು ಅಂಚು ಸುತ್ತಿಸಿ ಹಿಂದಕ್ಕೆ ಮಡಚಿ, ಪ್ಯಾಕಿಂಗ್ ಟೇಪಿನಿಂದ ನಾಲ್ಕೂ ಕಡೆ ಬಿಗಿಯಾಗಿ ಮುಚ್ಚಿ. ಬೆಳ್ಳಿಯ ಅಂಚನ್ನು ಕಾಯುವುದು ಈ ಟೇಪೇ.

ಕತ್ತರಿಸುವುದು

ಮುದ್ರಿಸಿದ ವಿನ್ಯಾಸವನ್ನು ಹಾಳೆಯ ಮೇಲೆ ಟೇಪಿನಿಂದ ಅಲುಗದಂತೆ ಕೂರಿಸಿ. ಕೆಳಗೆ ಕಾರ್ಬನ್ ಕಾಗದ ಇಟ್ಟು ಗೆರೆ ತಿದ್ದಿದರೆ ಹಾಳೆಯ ಮೇಲೆ ಗುರುತು ಬೀಳುತ್ತದೆ. ಮುದ್ರಿತ ಕಾಗದವನ್ನೇ ತೆಳುವಾಗಿ ಅಂಟಿಸಿ ಅದರ ಮೂಲಕವೇ ಕತ್ತರಿಸುವುದೂ ಉಂಟು, ನನಗೆ ಅದೇ ಇಷ್ಟ.

ಪೆನ್ನಿನಂತೆ ಹಿಡಿಯುವ ಚೂಪು ಮೂತಿಯ ಕ್ರಾಫ್ಟ್ ಚಾಕು, ಜೊತೆಗೆ ಹೊಸ ಬ್ಲೇಡುಗಳು ನಾಲ್ಕಾರು. ಗಾಜಿನ ಮೇಲೆ ಓಡುವ ಬ್ಲೇಡಿನ ಮೊನೆ ಬಹಳ ಬೇಗ ಮೊಂಡಾಗುತ್ತದೆ. ಮೊಂಡಾದದ್ದು ಕತ್ತರಿಸುವುದಿಲ್ಲ, ಹಾಳೆಯನ್ನು ಎಳೆದು ಹರಿಯುತ್ತದೆ. ಹತ್ತು ಹದಿನೈದು ಅಕ್ಷರಕ್ಕೊಮ್ಮೆ ಬದಲಿಸಿ. ಒತ್ತಡ ಹಾಳೆಯನ್ನು ಸೀಳುವಷ್ಟು ಮಾತ್ರ ಇರಲಿ. ಬಲ ಹಾಕಿದರೆ ಗಾಜಿನ ಮೇಲೂ ಸಣ್ಣ ಗೀರು ಬಿದ್ದು ಎಚಿಂಗ್ ಆದ ಮೇಲೆ ಗೆರೆಯಾಗಿ ಎದ್ದು ಕಾಣುತ್ತದೆ.

ದುಂಡು ಅಕ್ಷರಕ್ಕೆ ಗುಟ್ಟು ಒಂದೇ: ಕೈ ತಿರುಗಿಸಬೇಡಿ, ಕನ್ನಡಿಯನ್ನು ತಿರುಗಿಸಿ. ಕನ್ನಡಿಯ ಕೆಳಗೆ ದಪ್ಪ ಬಟ್ಟೆ ಹಾಸಿದ್ದರೆ ಅದು ಮೇಜಿನ ಮೇಲೆ ಸಲೀಸಾಗಿ ಸುತ್ತುತ್ತದೆ. ಚಾಕು ನಿಮ್ಮ ಕಡೆಗೇ ಬರುತ್ತಿರಲಿ, ಗಾಜು ಅದರ ಕೆಳಗೆ ತಿರುಗಲಿ. ಮೊದಲು ಒಳಗಿನ ದ್ವೀಪ ಕತ್ತರಿಸಿ, ಆಮೇಲೆ ಹೊರ ಗೆರೆ. ಮೂಲೆಗಳಲ್ಲಿ ಎರಡು ಗೆರೆಗಳು ಒಂದನ್ನೊಂದು ಮುಟ್ಟಿದರೆ ಸಾಕು, ದಾಟಿದರೆ ಗೀರು. ‘ದ’ ‘ಧ’ ಆಗುವುದು ಅಲ್ಲಿಯೇ. ಕತ್ತರಿಸಿದ ಪಟ್ಟಿಯನ್ನು ಚಿಮಟದಿಂದ ಎತ್ತುವಾಗ ಮೇಲಕ್ಕೆ ಎಳೆಯದೆ, ಹಾಳೆಗೆ ಸಮಾನಾಂತರವಾಗಿ ಹಿಂದಕ್ಕೆ ಮಡಚುತ್ತಾ ತೆಗೆಯಿರಿ. ಎಲ್ಲಾದರೂ ಬಿಡದೆ ಹಿಡಿದುಕೊಂಡರೆ ಅಲ್ಲಿ ಪೂರ್ತಿ ಕತ್ತರಿಸಿಲ್ಲ ಎಂದರ್ಥ. ಎಳೆಯದೆ ಚಾಕು ಹಾಕಿ.

ಕಂಪ್ಯೂಟರ್ ಕಟರ್ ಇರುವ ಸ್ಟಿಕರ್ ಅಂಗಡಿಯಲ್ಲಿ ಹಾಳೆಯನ್ನೇ ಕತ್ತರಿಸಿ ಕೊಡುತ್ತಾರೆ. ದ್ವೀಪಗಳ ಸಮೇತ ಎತ್ತಿ ಕೂರಿಸಲು ಟ್ರಾನ್ಸ್‌ಫರ್ ಟೇಪ್ ಹಾಕಿಸಿಕೊಳ್ಳಿ. ಸಣ್ಣ ಅಕ್ಷರದ ಉದ್ದ ಸಾಲಿದ್ದರೆ ಇದೇ ಜಾಣತನ.

ಕತ್ತರಿಸಿ ಮುಗಿದ ಮೇಲೆ ಬೆರಳ ತುದಿಗೆ ಬಟ್ಟೆ ಸುತ್ತಿ ಪ್ರತಿ ಗೆರೆಯ ಅಂಚನ್ನೂ ಒತ್ತುತ್ತಾ ಹೋಗಿ. ಚಾಕು ಹಾಯ್ದ ಕಡೆ ಹಾಳೆ ತುಸು ಎದ್ದಿರುತ್ತದೆ, ಕ್ರೀಮ್ ನುಸುಳುವುದು ಅಲ್ಲಿ. ನಂತರ ತೆರೆದ ಗಾಜನ್ನು ಆಲ್ಕೋಹಾಲಿನಲ್ಲಿ ತೇವಗೊಳಿಸಿದ ಹತ್ತಿಕಡ್ಡಿಯಿಂದ ಒರೆಸಿ ಅಂಟಿನ ಶೇಷ ತೆಗೆಯಿರಿ, ಒಣಗಲು ಬಿಡಿ. ಕನ್ನಡಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಮತ್ತೊಮ್ಮೆ ಓದಿ. ತಪ್ಪು ಗೀರು ಕಂಡರೆ ಈಗ ಮುಚ್ಚಬಹುದು, ಇನ್ನು ಹತ್ತು ನಿಮಿಷ ಕಳೆದರೆ ಆಗದು.

ಪರೀಕ್ಷೆ ಮತ್ತು ಹಚ್ಚುವುದು

ಕ್ರೀಮ್ ಎಷ್ಟು ಹೊತ್ತು ಇರಬೇಕು ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ. ಒಂದೆರಡು ನಿಮಿಷ ಎನ್ನುವವೂ ಇವೆ, 15 ನಿಮಿಷ ಎನ್ನುವವೂ ಇವೆ. ಡಬ್ಬಿಯ ಮೇಲಿನದನ್ನು ಓದಿ, ನಂತರ ತಂದಿಟ್ಟ ಚೂರಿನ ಮೇಲೆ ಮೂರು ಕಿಂಡಿ ಕತ್ತರಿಸಿ ಬೇರೆ ಬೇರೆ ಹೊತ್ತು ಬಿಟ್ಟು ನೋಡಿ. ಚಳಿಯಲ್ಲಿ ಕ್ರೀಮ್ ಮಂದ. ಕೋಣೆ ಮತ್ತು ಗಾಜು ಎರಡೂ 21 ಡಿಗ್ರಿಗಿಂತ ಮೇಲಿದ್ದರೆ ಒಳ್ಳೆಯದು. ಡಬ್ಬಿಯಲ್ಲಿ ಹರಳು ಕಟ್ಟಿದ್ದರೆ ಮುಚ್ಚಳ ಬಿಗಿಯಾಗಿರುವಂತೆಯೇ ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಕದಡಿ. ಒಂದು ಮಾತು ನೆನಪಿರಲಿ: ಹೆಚ್ಚು ಹೊತ್ತು ಬಿಟ್ಟರೆ ಹೆಚ್ಚು ಆಳ ಕೊರೆಯುತ್ತದೆ ಎಂಬುದು ಭ್ರಮೆ. ಗಾಜಿಗೆ ತಾಗಿದ ಕ್ರೀಮಿನ ಶಕ್ತಿ ಮುಗಿದ ಮೇಲೆ ಅದು ಸುಮ್ಮನೆ ಕೂತಿರುತ್ತದೆ, ಹಾಳೆಯ ಅಂಚಿನಡಿ ನುಸುಳುವ ಅಪಾಯ ಮಾತ್ರ ಬೆಳೆಯುತ್ತದೆ.

ಕನ್ನಡಿಯನ್ನು ಸಮತಟ್ಟಾಗಿ ಮಲಗಿಸಿ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಪ್ಲಾಸ್ಟಿಕ್ ಚಮಚ ಅಥವಾ ನೈಲಾನ್ ಕುಂಚದಿಂದ ಕ್ರೀಮನ್ನು ತೆರೆದ ಭಾಗದ ಪಕ್ಕದ ಹಾಳೆಯ ಮೇಲೆ ಸುರಿದು, ಅಲ್ಲಿಂದ ಇಡೀ ವಿನ್ಯಾಸದ ಮೇಲೆ ಒಂದೇ ಬೀಸಿನಲ್ಲಿ ಎಳೆಯಿರಿ. ಎಲ್ಲ ಅಕ್ಷರಗಳಿಗೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತಾಗಬೇಕು. ಬಣ್ಣ ಬಳಿದಂತೆ ತೆಳುವಾಗಿ ಬಳಿಯಬೇಡಿ. ಗಾಜು ಕಾಣದಷ್ಟು, 2–3 ಮಿ.ಮೀ. ದಪ್ಪ ಇರಬೇಕು. ಅರ್ಧ ದಾರಿಯಲ್ಲಿ ಒಮ್ಮೆ ಕುಂಚದಿಂದ ಮೆಲ್ಲಗೆ ಕದಲಿಸಿ, ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆ ಮತ್ತು ಹರಳುಗಳು ಜಾಗ ಬದಲಿಸುತ್ತವೆ. ಮಂಜು ಸಮನಾಗಿ ಬರಲು ಇದೊಂದು ಕೆಲಸ ಬಹಳ ಸಹಾಯ ಮಾಡುತ್ತದೆ. ಅಂಗೈಗಿಂತ ದೊಡ್ಡದಾದ, ಬಿಡುವಿಲ್ಲದ ಬಿಳಿ ಬಯಲು ಮಾತ್ರ ಕ್ರೀಮಿನಿಂದ ಕಲೆಕಲೆಯಾಗಿಯೇ ಬರುತ್ತದೆ. ಅಂತಹ ವಿನ್ಯಾಸವನ್ನು ಮೊದಲೇ ಗೆರೆಗಳಾಗಿ, ಚುಕ್ಕೆಗಳಾಗಿ ಒಡೆದಿಡಿ. ಅಥವಾ ಮರಳು ಊದುವ ಯಂತ್ರವಿರುವ ಗಾಜಿನ ಕಾರ್ಯಾಗಾರಕ್ಕೆ ಕೊಡಿ. ಅದು ಬೇರೆಯೇ ವಿದ್ಯೆ, ಉಸಿರಾಟದ ರಕ್ಷಣೆಯಿಲ್ಲದೆ ಮನೆಯಲ್ಲಿ ಮಾಡುವಂಥದ್ದಲ್ಲ.

ತೊಳೆಯುವುದು

ಹೊತ್ತು ಮುಗಿದ ಕೂಡಲೇ ಕ್ರೀಮನ್ನು ಪ್ಲಾಸ್ಟಿಕ್ ಕಾರ್ಡಿನಿಂದ ಬಳಿದು ತೆಗೆಯಿರಿ. ಮತ್ತೆ ಬಳಸಬಹುದು ಎಂದು ಡಬ್ಬಿಯಲ್ಲಿ ಬರೆದಿದ್ದರೆ ಮಾತ್ರ ವಾಪಸ್ ತುಂಬಿ. ನಂತರ ದೊಡ್ಡ ಪ್ಲಾಸ್ಟಿಕ್ ಟಬ್‌ನಲ್ಲಿ ಕನ್ನಡಿಯನ್ನು ಓರೆಯಾಗಿ ನಿಲ್ಲಿಸಿ ಹರಿಯುವ ನೀರಿನಿಂದ ಧಾರಾಳವಾಗಿ ತೊಳೆಯಿರಿ. ಪಿಂಗಾಣಿ ಸಿಂಕ್, ಟೈಲ್ಸ್, ಅಮೃತಶಿಲೆಯ ಕಟ್ಟೆ ಇವುಗಳ ಮೇಲೆ ಬೇಡ. ಪಿಂಗಾಣಿಯ ಹೊಳಪೂ ಒಂದು ಬಗೆಯ ಗಾಜೇ, ಕ್ರೀಮ್ ಅದನ್ನೂ ಬಿಡುವುದಿಲ್ಲ. ಹಾಳೆ ಇನ್ನೂ ಕನ್ನಡಿಯ ಮೇಲೆಯೇ ಇರಲಿ. ಮೊದಲು ಹಾಳೆ ಕಿತ್ತು ಆಮೇಲೆ ತೊಳೆದರೆ ಉಳಿದ ಕ್ರೀಮ್ ಶುಭ್ರವಾದ ಗಾಜಿನ ಮೇಲೆ ಹರಿದು ಗುರುತು ಬಿಡುತ್ತದೆ.

ಈಗ ನಿಮ್ಮ ಎದೆ ಧಸಕ್ಕೆನ್ನುತ್ತದೆ: ಒದ್ದೆ ಗಾಜಿನಲ್ಲಿ ಎಚಿಂಗ್ ಕಾಣುವುದೇ ಇಲ್ಲ. ಗಾಬರಿ ಬೇಡ. ತರಿತರಿಯ ಮೇಲ್ಮೈಯನ್ನು ನೀರು ತುಂಬಿ ಸಮ ಮಾಡಿಬಿಟ್ಟಿರುತ್ತದೆ, ಬೆಳಕು ಚದುರಲು ಏನೂ ಉಳಿದಿರುವುದಿಲ್ಲ. ಒಣಗಿದಂತೆ ಅಕ್ಷರಗಳು ಒಂದೊಂದಾಗಿ ಮೂಡಿಬರುತ್ತವೆ. ಈ ಕೆಲಸದಲ್ಲಿ ನನಗೆ ಅತಿ ಪ್ರಿಯವಾದ ಗಳಿಗೆ ಅದು, ಹೇರ್ ಡ್ರೈಯರ್ ಹಿಡಿದು ಅದನ್ನು ಅವಸರಪಡಿಸುವುದಿಲ್ಲ.

ಪೂರ್ತಿ ಒಣಗಿದ ಮೇಲೆ, ಹಾಳೆ ಇರುವಂತೆಯೇ ಪರಿಶೀಲಿಸಿ. ಎಲ್ಲಾದರೂ ಮಸುಕು ಕಡಿಮೆಯಾಗಿದ್ದರೆ ಅದೇ ಹಾಳೆಯ ಅಂಚುಗಳನ್ನು ಮತ್ತೆ ಒತ್ತಿ ಎರಡನೇ ಸಲ ಹಚ್ಚಬಹುದು. ಹಾಳೆ ಕಿತ್ತ ಮೇಲೆ ಅದೇ ಜಾಗಕ್ಕೆ ಮತ್ತೊಂದನ್ನು ಕೂರಿಸುವುದು ಕನ್ನಡಿಯೊಳಗಿನ ಗಂಟು. ತೃಪ್ತಿಯಾದರೆ ಹಾಳೆಯನ್ನು ನಿಧಾನವಾಗಿ ಬಿಡಿಸಿ, ಅಂಟಿನ ಗುರುತನ್ನು ಆಲ್ಕೋಹಾಲಿನಿಂದ ಒರೆಸಿ, ಅಂಚು ಮತ್ತು ಬೆನ್ನನ್ನು ಒಣಬಟ್ಟೆಯಿಂದ ಒತ್ತಿ, ಕನ್ನಡಿಯನ್ನು ಒಂದು ರಾತ್ರಿ ನಿಲ್ಲಿಸಿಡಿ. ಬಳಸಿದ ಕೈಗವಸನ್ನು ಕಳಚುವ ಮೊದಲು ಅದನ್ನೂ ನೀರಿನಲ್ಲಿ ತೊಳೆಯಿರಿ.

ನುಸುಳಿದ ಕಲೆಗಳನ್ನು ಅಳಿಸಲು ಹೋಗಬೇಡಿ, ಉಜ್ಜಿದ ಜಾಗದಲ್ಲಿ ಗಾಜು ಅಲೆಯಾಗಿ ಮುಖವನ್ನೇ ಸೊಟ್ಟ ಮಾಡುತ್ತದೆ. ಒಂದು ಚುಕ್ಕೆ ತಪ್ಪಾಗಿ ಬಿದ್ದಿದ್ದರೆ ಇನ್ನಾರು ಚುಕ್ಕೆಗಳನ್ನು ಬೇಕೆಂದೇ ಹಾಕಿ ನಕ್ಷತ್ರಗಳಾಗಿಸಿ. ಅಜ್ಜಿಯ ಕನ್ನಡಿಯ ಮೂಲೆಯಲ್ಲಿ ನಾನು ಮಾಡಿದ್ದು ಅದನ್ನೇ, ‘ಎಷ್ಟು ಚೆನ್ನಾಗಿ ನಕ್ಷತ್ರ ಹಾಕಿದ್ದೀಯ’ ಎಂದು ಹೊಗಳಿಸಿಕೊಂಡೂ ಆಯಿತು.

ಚೌಕಟ್ಟು, ಗೋಡೆ, ಬೆಳಕು

ಚೌಕಟ್ಟು ಹಾಕಿಸುವಾಗ ಕನ್ನಡಿಯ ಬೆನ್ನಿಗೂ ಹಿಂದಿನ ಹಲಗೆಗೂ ನಡುವೆ ಒಂದೆರಡು ಮಿ.ಮೀ. ಗಾಳಿಯ ಜಾಗ ಬಿಡಿಸಿ. ಅಂಟಿನಿಂದ ಕೂರಿಸುವುದಾದರೆ ಕನ್ನಡಿಗೆಂದೇ ಬರುವ ಅಂಟು ಅಥವಾ ನ್ಯೂಟ್ರಲ್ ಸಿಲಿಕೋನ್ ಬಳಸಿ. ವಿನೆಗರ್‌ನಂತೆ ಹುಳಿ ವಾಸನೆ ಬರುವ ಸಾಮಾನ್ಯ ಸಿಲಿಕೋನ್ ಅಸಿಟಿಕ್ ಆಮ್ಲ ಬಿಡುತ್ತದೆ, ತಿಂಗಳುಗಳಲ್ಲಿ ಬೆನ್ನಿನ ಬೆಳ್ಳಿ ಕಲೆಗಟ್ಟುತ್ತದೆ. ತೂಗುಹಾಕುವ ಕೊಂಡಿ ಮತ್ತು ತಂತಿ ಕನ್ನಡಿ ಹಾಗೂ ಚೌಕಟ್ಟಿನ ಒಟ್ಟು ತೂಕದ ಎರಡು ಮೂರು ಪಟ್ಟು ತಡೆಯುವಂತಿರಲಿ.

ಎಲ್ಲಿ ತೂಗುಹಾಕಬೇಕು ಎಂಬುದನ್ನೂ ಪಡೆದವರಿಗೆ ಹೇಳಿ. ಎಚಿಂಗ್ ಆದ ಅಕ್ಷರ ತನ್ನ ಮೇಲೆ ಬಿದ್ದ ಬೆಳಕನ್ನು ಚದುರಿಸಿ ಬಿಳಿಯಾಗಿ ಕಾಣುತ್ತದೆ, ಸುತ್ತಲಿನ ಕನ್ನಡಿ ಎದುರಿನ ಗೋಡೆಯನ್ನು ತೋರಿಸುತ್ತದೆ. ಎದುರಿಗೆ ಬಿಳಿ ಗೋಡೆ ಇದ್ದರೆ ಬಿಳಿಯ ಮೇಲೆ ಬಿಳಿ, ನಿಮ್ಮ ಐದಾರು ಗಂಟೆಯ ಕೆಲಸ ಮಾಯ. ಎದುರಿಗೆ ಗಾಢ ಬಣ್ಣದ ಗೋಡೆ, ಪುಸ್ತಕದ ಕಪಾಟು, ಮರದ ಬಾಗಿಲು ಏನಾದರೂ ಇದ್ದು ಬೆಳಕು ಪಕ್ಕದಿಂದ ಬಂದರೆ ಅಕ್ಷರ ಎದ್ದು ನಿಲ್ಲುತ್ತದೆ.

ಸಾಗಿಸುವಾಗ ಮಲಗಿಸಬೇಡಿ, ನಿಲ್ಲಿಸಿ. ಮಂಜಿನ ಭಾಗ ಬೆರಳಿನ ಜಿಡ್ಡನ್ನು ಬೇಗ ಹಿಡಿಯುತ್ತದೆ. ಅದಕ್ಕೆ ಆಲ್ಕೋಹಾಲಿನ ಒಂದು ಒರೆಸು ಸಾಕು, ಸಿಂಪಡಿಸಬಾರದು ಎಂದು ಒಂದು ಚೀಟಿಯಲ್ಲಿ ಬರೆದು ಹಿಂದಿನ ಹಲಗೆಗೆ ಅಂಟಿಸಿ. ಆ ಚೀಟಿಯಲ್ಲೇ ಅಕ್ಷರ ಯಾರದು, ಯಾವ ವರ್ಷದ ಪತ್ರದಿಂದ ತೆಗೆದದ್ದು ಎಂಬುದನ್ನೂ ಸೇರಿಸಿ. ಅಜ್ಜಿಯ ಕನ್ನಡಿಯ ಬೆನ್ನಿಗೆ ನಾನು ಆ ಪತ್ರದ ಒಂದು ನೆರಳಚ್ಚು ಪ್ರತಿಯನ್ನೇ ಮಡಚಿ ಇಟ್ಟಿದ್ದೇನೆ.